ಕಾಂದಿವಲಿ ಕಾಕಾನ ಬಿಲ್ಡಿಂಗ್ ಪೇಂಟಿಂಗ್

ಕಾಂದಿವಲಿ, ಮುಂಬಯಿ
18 ನವೆಂಬರ್ 1985

ಚಿರಂಜೀವಿ ದಾನವ್ವನಿಗೆ ಕಾಕಾ ಶಂಕ್ರೆಪ್ಪನ ಆಶೀರ್ವಾದ.

ಇಲ್ಲಿ ನಾನೂ ನಿನ್ನ ಕಾಕಿ ಗಂಗುಬಾಯಿಯೂ ದುಂಡಗಿದ್ದೇವೆ. ಕಾಕಿ ನನಗಿಂತ ಸ್ವಲ್ಪ ಹೆಚ್ಚು ದುಂಡಗೆ. ದೀಪಾವಳಿಗೆ ಇಂಡಿಗೆ ಬರಲಿಲ್ಲವೆಂದು ನಿಮ್ಮಪ್ಪ ಧರ್ಮಣ್ಣ ಮುಖ ಊದಿಸಿಕೊಂಡಿದ್ದಾನಂತೆ. ತಮ್ಮ ಈಗ ಸಣ್ಣ ಮನುಷ್ಯನಲ್ಲ ಎಂದು ಅವನಿಗೆ ಹೇಳು. ಈ ವರ್ಷ ಬೊರಿವಲಿಯಲ್ಲಿ ಎರಡು ದೊಡ್ಡ ಬಿಲ್ಡಿಂಗ್ ಪೇಂಟ್ ಮಾಡಿದೆ. ಅವುಗಳ ಮುಂದಿನ ಗಿಡಗಳನ್ನೂ ಪೇಂಟ್ ಮಾಡಿದೆ. ಗಿಡಗಳದ್ದು ಬುಡ ಮಾತ್ರ, ಇಲ್ಲಿಯ ಪದ್ಧತಿ ಹಾಗೆ. ಹಬ್ಬ ಬಂತೆಂದರೆ ಸೊಸೈಟಿಯವರಿಗೆಲ್ಲ ಶಂಕ್ರೆಪ್ಪನೇ ಬೇಕು. ಒಬ್ಬ ಸೆಕ್ರೆಟರಿ, ಟೈ ಕಟ್ಟುವ ಮನುಷ್ಯ, ರಸ್ತೆಯಲ್ಲಿ ನಿಂತು ಕುತ್ತಿಗೆ ಮೇಲೆತ್ತಿ, "ಕ್ಯಾ ಹಾಥ್ ಹೈ ಪೇಂಟರ್ ಸಾಬ್" ಎಂದು ನನ್ನ ಕೈಯನ್ನು ಹೊಗಳಿದ. ನನ್ನ ಜೊತೆಯವ ಪೂವಪ್ಪನನ್ನು ಅವನು ತಿರುಗಿ ಸಹ ನೋಡಲಿಲ್ಲ.

ಏಳನೇ ಇಯತ್ತೆಯಲ್ಲಿ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ ಮಾಸ್ತರರು ಬದುಕಿದ್ದರೆ ಅವರಿಗೂ ಈ ಕಾಗದ ಓದಿ ಹೇಳು.

ನಿನ್ನ ಕಾಕಾ,
ಶಂಕ್ರೆಪ್ಪ

*

ಇಂಡಿ
6 ಜನವರಿ 1986

ತೀರ್ಥರೂಪ ಕಾಕಾ ಅವರಿಗೆ ದಾನವ್ವನ ನಮಸ್ಕಾರಗಳು.

ಪರೀಕ್ಷೆಯ ನಿಕಾಲು ಬಂದ ಮೇಲೆ ಬರೆಯೋಣವೆಂದು ಕಾದೆ. ಬಂತು. ಹೈಯರ್ ಡ್ರಾಯಿಂಗ್ ಪರೀಕ್ಷೆಯಲ್ಲಿ ಉಳಿದ ಪೇಪರು ಪಾಸು, ನಿಸರ್ಗ ಚಿತ್ರದಲ್ಲಿ ಫೇಲು. ಕೊಟ್ಟಿದ್ದ ವಿಷಯ "ಕಟ್ಟಡಗಳೂ ಗಿಡಮರಗಳೂ ಇರುವ ದೃಶ್ಯ". ನಮ್ಮ ಕನ್ಯಾಶಾಲೆಯ ಡ್ರಾಯಿಂಗ್ ಮಾಸ್ತರರು ಕೇಶವಮೂರ್ತಿಯವರು, ಮೈಸೂರಿನ ಕಡೆಯವರು, ನಾನು ಅದನ್ನೇ ಮತ್ತೆ ಬರೆದು ತೋರಿಸಿದಾಗ, "ಎಲ್ಲಾನೂ ಒಂದೇ ಗೋಡೆಗೆ ಅಂಟಿಸಿದ ಹಾಗಿದೆ ಕಣಮ್ಮ. ಮಧ್ಯೆ ಗಾಳಿನೇ ಇಲ್ಲ" ಎಂದರು. ದೂರದ್ದು ದೂರ ಕಾಣುವಂತೆ ಬಣ್ಣ ಹಾಕುವುದಕ್ಕೆ ವಾಯು ಯಥಾದರ್ಶನ ಎನ್ನುತ್ತಾರಂತೆ. ಅವರು ಬರುವ ವರ್ಷ ನಿವೃತ್ತರಾಗುತ್ತಾರೆ. ಈಗ ಅಲ್ಲೇ ಹಂಗಾಮಿ ಟೀಚರಾಗಿರುವ ನಾನು ಪಾಸಾದರೆ ಆ ಜಾಗ ನನ್ನದು. ಇಲ್ಲವಾದರೆ ಬೇರೆಯವರದು.

ಅಪ್ಪ ಹೇಳಿದ್ದು: "ನವೆಂಬರದಾಗ ಇನ್ನೊಂದ ಸಲ ಕೂಡು. ಆಮ್ಯಾಲ ಆ ಬಣ್ಣದ ಡಬ್ಬಿ ಅಟ್ಟದ ಮ್ಯಾಲ."

ನೀವು ಮುಂಬಯಿಯಲ್ಲಿ ಬಿಲ್ಡಿಂಗುಗಳನ್ನೂ ಗಿಡಗಳನ್ನೂ ಪೇಂಟ್ ಮಾಡುತ್ತೀರೆಂದು ಓದಿ ನನಗೆ ಅಳು ನಿಂತಿತು. ಮನೆಯಲ್ಲೇ ಇಂಥ ಚಿತ್ರಕಾರರನ್ನು ಇಟ್ಟುಕೊಂಡು ನಾನು ಫೇಲಾದೆನಲ್ಲ. ನಿಮ್ಮ ಕ್ಯಾನ್ವಾಸು ಎಷ್ಟು ದೊಡ್ಡದಿರುತ್ತದೆ? ಗಿಡದ ಬುಡ ಮಾತ್ರ ಬರೆಯುವುದು ಹೊಸ ಶೈಲಿಯೇ? ದೂರದ ಬಿಲ್ಡಿಂಗಿಗೆ ಏನು ಬೆರೆಸುತ್ತೀರಿ, ದಯವಿಟ್ಟು ಬರೆಯಿರಿ.

ನಿಮ್ಮ ಮಗಳು,
ದಾನವ್ವ

*

ಕಾಂದಿವಲಿ
2 ಫೆಬ್ರುವರಿ 1986

ಚಿರಂಜೀವಿ ದಾನವ್ವ,

ನಿನ್ನ ಕಾಗದವನ್ನು ಕಾಕಿಗೆ ಓದಿ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ಬಿಟ್ಟು ನನ್ನ ಮುಖ ನೋಡಿದಳು.

"ಹುಡುಗಿಗೆ ಖರೆ ಬರೀರಿ," ಎಂದಳು.

"ಇಷ್ಟ ದಿನಾ ಬರದದ್ದು ಸುಳ್ಳೇನ?" ಎಂದೆ. "ಬಿಲ್ಡಿಂಗ ಪೇಂಟ ಮಾಡತೀನಿಲ್ಲೊ? ಗಿಡಾ ಮಾಡತೀನಿಲ್ಲೊ?"

"ಮಾಡತೀರಿ ಮಾರಾಯರ್ಯಾ, ಮಾಡತೀರಿ," ಎಂದು ಕೈ ಮುಗಿದು ಮತ್ತೆ ರೊಟ್ಟಿಗೆ ಕೂತಳು. ಹೆಂಗಸರಿಗೆ ಕಲೆ ತಿಳಿಯುವುದು ತಡ, ನಿನ್ನನ್ನು ಬಿಟ್ಟು.

ಕ್ಯಾನ್ವಾಸು ಕೇಳಿದೆ. ಬಿಲ್ಡಿಂಗ್ ಎಷ್ಟು ದೊಡ್ಡದೋ ನನ್ನದೂ ಅಷ್ಟೇ ದೊಡ್ಡದು. ಕುರ್ಚಿಯಲ್ಲಿ ಕೂತು ಮಾಡುವ ಕೆಲಸವಲ್ಲ. ಮೇಲಿನಿಂದ ಹಗ್ಗ ಬಿಟ್ಟು, ಹಲಗೆಯ ಮೇಲೆ ಕೂತು, ನೇತಾಡುತ್ತ ಮಾಡಬೇಕು. ನಿನ್ನ ಮಾಸ್ತರರು ಹಾಗೆ ಒಂದು ದಿನ ಮಾಡಲಿ ನೋಡೋಣ.

ಆ ವಾಯುವಿನ ವಿಚಾರ ನನಗೆ ಹೊಸದಲ್ಲ. ನಮ್ಮ ಕಡೆ ಕಡಲೆ ತಿಂದವರಿಗೆಲ್ಲ ಆಗುತ್ತದೆ. ಅದು ಕಣ್ಣಿಗೂ ಆಗುತ್ತದೆಂದು ಮಾತ್ರ ಈಗ ತಿಳಿಯಿತು. ಓಮ ಬಿಸಿನೀರು ಕುಡಿ. ದೂರದ ಬಿಲ್ಡಿಂಗಿಗೆ ಬಹಳ ಯೋಚನೆ ಬೇಡ. ಬಿಳಿ ಬೆರೆಸು. ಇನ್ನೂ ದೂರವೆಂದರೆ ಇನ್ನೂ ಬಿಳಿ. ಮುಂಬಯಿಯಲ್ಲಿ ಎಲ್ಲರೂ ಹಾಗೇ ಮಾಡುವುದು.

ಶಂಕ್ರೆಪ್ಪ, ಪೇಂಟರ್

*

ಇಂಡಿ
20 ಮಾರ್ಚ್ 1986

ತೀರ್ಥರೂಪ ಕಾಕಾ ಅವರಿಗೆ,

ನಿಮ್ಮಷ್ಟು ದೊಡ್ಡ ಚಿತ್ರವನ್ನು ಮಾಸ್ತರರೂ ನೋಡಿಲ್ಲವಂತೆ. ನೀವು ಹೇಳಿದ ಹಾಗೆ ಬಿಳಿ ಬೆರೆಸಿ ನಮ್ಮ ಓಣಿಯ ಮಾಳಿಗೆಗಳನ್ನೂ ಬೇವಿನ ಗಿಡಗಳನ್ನೂ ಬರೆದೆ. ಮಾಸ್ತರರು ಕನ್ನಡಕ ಒರೆಸಿ ನೋಡಿ, "ಇದು ದೂರ ಹೋಗಿಲ್ಲಮ್ಮ ದಾನವ್ವ. ಇದ್ದಲ್ಲೇ ಇದೆ. ಯಾರೋ ಬಂದು ಸುಣ್ಣ ಬಳಿದು ಹೋದ ಹಾಗಿದೆ" ಎಂದರು. ಹುಡುಗಿಯರು ನಕ್ಕರು.

ನೀವು ಅವಸರದಲ್ಲಿ ಬರೆದಿರಬಹುದು. ಪುರಸೊತ್ತು ಮಾಡಿಕೊಂಡು, ನೀವು ನಿಜವಾಗಿ ಕೆಲಸ ಮಾಡುವಾಗ ಹೇಗೆ ಮಾಡುತ್ತೀರೋ ಅದನ್ನು ಬರೆಯಿರಿ. ನನಗೆ ಕೇಳಲು ಬೇರೆ ಯಾರೂ ಇಲ್ಲ.

ದಾನವ್ವ

*

ಬೊರಿವಲಿ
14 ಮೇ 1986

ದಾನವ್ವ,

ಸುಣ್ಣ ಬಳಿದ ಹಾಗೆ ಎಂದ ನಿನ್ನ ಮಾಸ್ತರನ ಮೇಲೆ ನನಗೆ ಇನ್ನೂ ಸಿಟ್ಟಿದೆ. ಸುಣ್ಣ ಬಳಿಯುವುದು ಅವನು ತಿಳಿದಷ್ಟು ಹಗುರ ಕೆಲಸವಲ್ಲ. ಅದಿರಲಿ. ಆ ಸಿಟ್ಟಿನಲ್ಲೇ ಇಷ್ಟು ದಿನ ಉತ್ತರ ಬರೆಯಲಿಲ್ಲ. ಆಮೇಲೆ ನೋಡಲು ಶುರು ಮಾಡಿದೆ.

ಈಗಿನ ಬಿಲ್ಡಿಂಗ್ ಬೊರಿವಲಿ ವೆಸ್ಟಿನಲ್ಲಿ, ಏಳು ಮಾಳಿಗೆ. ಮುಖ ಪೂರ್ವಕ್ಕೆ. ಬೆನ್ನು ತಿರುಗಿಸಿದರೆ ರೇಲ್ವೆ ಲೈನು, ಲೈನಿನ ಆಚೆ ಬಿಲ್ಡಿಂಗುಗಳು, ಅವುಗಳ ಹಿಂದೆ ಗುಡ್ಡ. ಇಷ್ಟು ವರ್ಷ ನನ್ನ ಮುಖವೆಲ್ಲ ಕೆಲಸದ ಕಡೆಗೇ, ಹಿಂದೆ ಇರುವುದನ್ನು ನೋಡಿದವನಲ್ಲ. ಈಗ ಬೆಳಿಗ್ಗೆ ಏರಿದ ಕೂಡಲೇ ಹಲಗೆಯನ್ನು ತಿರುಗಿಸಿ ಕೂರುತ್ತೇನೆ. ಪಕ್ಕದ ಹಗ್ಗದಲ್ಲಿರುವ ಪೂವಪ್ಪ, ಮಂಗಳೂರಿನ ಕಡೆಯವನು, "ಎಂಥ ನೋಡುವುದು ಮಾರಾಯ್ರೆ? ಅಲ್ಲಿ ಯಾರಾದ್ರೂ ಬಟ್ಟೆ ಒಣಗಿಸ್ಲಿಕ್ಕೆ ಬರ್ತಾರಾ?" ಎಂದು ಕೇಳುತ್ತಾನೆ.

"ಗುಲ್‌ಮೋಹರ್ ನೋಡತೀನಿ," ಎಂದೆ.

"ಸೇಠ್ ಕೆಳಗಿದ್ದಾನೆ. ಅವನು ನಿಮ್ಮನ್ನು ನೋಡ್ತಿದ್ದಾನೆ."

ಬರೆದುಕೋ. ನಮ್ಮ ಗೇಟಿನ ಗುಲ್‌ಮೋಹರ್ ಕೆಂಪಗೆ ಉರಿಯುತ್ತಿದೆ. ಲೈನಿನ ಬದಿಯದು ಇಟ್ಟಿಗೆಯ ಬಣ್ಣ. ಲೈನಿನ ಆಚೆಯದು ಹಳೇ ಇಟ್ಟಿಗೆ. ಗುಡ್ಡದ ಬುಡದಲ್ಲಿ ಒಂದಿದೆ, ಅದಕ್ಕೆ ಕೆಂಪೇ ಇಲ್ಲ, ಹೂ ಬಿಟ್ಟಿದೆ ಎಂದು ನಾವೇ ತಿಳಿದುಕೊಳ್ಳಬೇಕು. ಕೆಂಪು ಎಲ್ಲಕ್ಕಿಂತ ಮೊದಲು ದಣಿಯುತ್ತದೆ. ಎಲೆಯ ಹಸಿರಿನೊಳಗಿನ ಹಳದಿ ಅದರ ಹಿಂದೆಯೇ ದಣಿಯುತ್ತದೆ. ಕೊನೆಗೆ ಉಳಿಯುವುದು ನೀಲಿ.

ಇನ್ನು ಬಿಳಿ. ಇದನ್ನು ಬಿಸಿಲಲ್ಲಿ ಬಹಳ ಹೊತ್ತು ನೋಡಿ ಖಾತ್ರಿ ಮಾಡಿಕೊಂಡಿದ್ದೇನೆ. ಹತ್ತಿರದ ನೀರಿನ ಟಾಕಿ ಕಣ್ಣು ಕುಕ್ಕುವಷ್ಟು ಬಿಳಿ. ದೂರದ್ದು ಇನ್ನೂ ಬಿಳಿಯಾಗಬೇಕಿತ್ತಲ್ಲ, ಆಗುವುದಿಲ್ಲ. ಮಾಸುತ್ತದೆ. ಹತ್ತಿರದ ಮಾವಿನ ಗಿಡದ ನೆರಳು ಕಾಡಿಗೆಯಂತೆ ಕಪ್ಪು. ದೂರದ ಗಿಡದ ನೆರಳು ತಿಳಿಯಾಗಿ ನೀಲಿಯಾಗುತ್ತದೆ. ಹೀಗೆ ಬಿಳಿಯೂ ಕಪ್ಪೂ ದೂರ ಹೋಗುತ್ತ ಹೋಗುತ್ತ ಒಂದಕ್ಕೊಂದು ಹತ್ತಿರ ಬಂದು, ಗುಡ್ಡದಲ್ಲಿ ಎರಡೂ ಒಂದೇ ಆಗಿಬಿಡುತ್ತವೆ. ಅದಕ್ಕೇ ಬರೇ ಬಿಳಿ ಬೆರೆಸಿದರೆ ನಿನ್ನ ಮಾಳಿಗೆ ಇದ್ದಲ್ಲೇ ಉಳಿಯಿತು. ಹಿಂದಿನ ಕಾಗದದಲ್ಲಿ ನಾನು ಅರ್ಧ ಹೇಳಿದ್ದೆ, ನಿನ್ನನ್ನು ಪರೀಕ್ಷೆ ಮಾಡಲು.

ಶಂಕ್ರೆಪ್ಪ

*

ಇಂಡಿ
29 ಮೇ 1986

ಕಾಕಾ,

ಬಿಳಿಯೂ ಕಪ್ಪೂ ಹತ್ತಿರ ಬರುವ ಮಾತನ್ನು ಮಾಸ್ತರರಿಗೆ ಓದಿ ಹೇಳಿದೆ. ಅವರು ಎದ್ದು ಕಿಟಕಿಗೆ ಹೋಗಿ ಹೊರಗೆ ನೋಡಿದರು. "ನಿಮ್ಮ ಚಿಕ್ಕಪ್ಪ ಎಲ್ಲಿ ಕಲಿತದ್ದು?" ಎಂದು ಕೇಳಿದರು. ನೀವು ದೊಡ್ಡ ದೊಡ್ಡ ಕೆಲಸ ಮಾಡುವವರು ಎಂದೆ. ಹೊಸ ಚಿತ್ರದಲ್ಲಿ ಬೇವಿನ ಗಿಡಗಳ ಹಿಂದಿನ ಮಾಳಿಗೆ ನಾಲ್ಕು ಹೆಜ್ಜೆ ಹಿಂದೆ ಸರಿದಿದೆ. ಮಾಸ್ತರರು "ಗಾಳಿ ಬಂತು" ಎಂದರು. ಇನ್ನೂ ಬರೆಯಿರಿ.

ದಾನವ್ವ

*

ಕಾಂದಿವಲಿ
15 ಜೂನ್ 1986

ಚಿರಂಜೀವಿ ದಾನವ್ವ,

ನಿನ್ನ ಮಾಸ್ತರರು ಒಳ್ಳೆಯವರು. ಅವರ ಮೇಲೆ ಸಿಟ್ಟಿದೆ ಎಂದು ಯಾರು ಹೇಳಿದರು?

ಮುಲುಂಡಿನಲ್ಲಿ ಒಂದು ಕೆಲಸ ಹಿಡಿದಿದ್ದೆ. ಕಾಂದಿವಲಿಯಿಂದ ದಾದರಿಗೆ ಒಂದು ಲೋಕಲ್, ಅಲ್ಲಿಂದ ಬ್ರಿಜ್ ಹತ್ತಿ ಇಳಿದು ಇನ್ನೊಂದು. ಅಲ್ಲಿಗೆ ಹೋಗಿ ನೋಡಿದರೆ ಹಗ್ಗದ ಮೇಲಿಂದ ಮತ್ತೆ ಒಂದು ಗುಡ್ಡ, ಈ ಸಲ ಪಶ್ಚಿಮಕ್ಕೆ. ಪೂವಪ್ಪನನ್ನು ಕೇಳಿದೆ. "ಅದೇ ಗುಡ್ಡ ಮಾರಾಯ್ರೆ, ಬೊರಿವಲಿಯದ್ದೇ. ನಾವು ಈಗ ಅದರ ಬೆನ್ನಿಗೆ ಬಂದದ್ದು" ಎಂದ. ಒಂದೇ ಗುಡ್ಡವನ್ನು ಎರಡೂ ಕಡೆಯಿಂದ ಇಷ್ಟು ಚೆನ್ನಾಗಿ ನೋಡಿದ ಮನುಷ್ಯ ಮುಂಬಯಿಯಲ್ಲಿ ನಾನೊಬ್ಬನೇ ಇರಬೇಕು.

ಅಲ್ಲಿರುವಾಗ ಮೊದಲ ಮಳೆ ಹೊಡೆಯಿತು. ನಾವು ಟೆರೇಸಿನ ಮೇಲೆ ಟಾಕಿಯ ಕೆಳಗೆ ನಿಂತೆವು. ಮಳೆ ನಿಂತು ಬಿಸಿಲು ಬಂತು ನೋಡು, ನಾನು ನಿನಗೆ ಹೇಳಿದ್ದೆಲ್ಲ ತಲೆಕೆಳಗಾಯಿತು. ತಿಂಗಳಿಂದ ಹೊಗೆಯಂತಿದ್ದ ಗುಡ್ಡ ಕಡುನೀಲಿಯಾಗಿ, ಅಂಚು ಕೊರೆದಂತಾಗಿ, ಎದುರಿನ ಮನೆಗಳ ಹಿಂದೆಯೇ ಬಂದು ನಿಂತಿತು. ಕೈ ಚಾಚಿದರೆ ಒಂದು ಕೋಟು ಹೊಡೆಯಬಹುದಿತ್ತು. ಅದರ ಬದಲು ಹತ್ತಿರದ್ದು ದೂರ ಹೋಯಿತು. ಕಾದ ಡಾಂಬರು ರಸ್ತೆಯಿಂದ ಹಬೆ ಎದ್ದು, ಗಿಡಗಳ ಬುಡ ಮಾಯವಾಗಿ, ತಲೆಗಳು ಮಾತ್ರ ಗಾಳಿಯಲ್ಲಿ ತೇಲಿದವು. ಹಿಂದಿನ ಬಿಲ್ಡಿಂಗುಗಳಿಗೂ ಹಾಗೇ, ಕೆಳಗಿನ ಮಾಳಿಗೆ ತಿಳಿ, ಮೇಲಿನ ಮಾಳಿಗೆ ಗಾಢ. ಸಾಲಿಗೊಂದು ಹಬೆಯ ಪರದೆ.

ದೂರ ಎನ್ನುವುದು ಮೈಲಿಯದ್ದಲ್ಲ ದಾನವ್ವ, ನಡುವಿನ ಗಾಳಿಯದ್ದು. ಗಾಳಿ ತೊಳೆದರೆ ಗುಡ್ಡ ಮನೆಗೆ ಬರುತ್ತದೆ. ಇದನ್ನು ಯಾವ ಪುಸ್ತಕದಲ್ಲಾದರೂ ಬರೆದಿದ್ದಾರೋ ಇಲ್ಲವೋ, ನಿನ್ನ ಮಾಸ್ತರರನ್ನು ಕೇಳು. ಬರೆದಿರದಿದ್ದರೆ ನನ್ನ ಹೆಸರು ಹಾಕಿ ಬರೆಯಲಿ.

ಇನ್ನು ಮಳೆ ಮುಗಿಯುವ ತನಕ ಹೊರಗಿನ ಕೆಲಸ ಬಂದ್.

ನಿನ್ನ ಕಾಕಾ

*

ಇಂಡಿ
17 ಆಗಸ್ಟ್ 1986

ಕಾಕಾ ಅವರಿಗೆ,

ಪಂಚಮಿಗೆ ಮುಂಬಯಿಯಿಂದ ಸಿದ್ದರಾಮಪ್ಪ ಬಂದಿದ್ದ. ನೀವು ವಾಸವಿರುವ ಚಾಳಿನ ಹತ್ತಿರವೇ ಕಿರಾಣಿ ಅಂಗಡಿಯಲ್ಲಿ ಇರುವವನು. ಕಟ್ಟೆಯ ಮೇಲೆ ಕೂತು ಅಪ್ಪನಿಗೆ ನಿಮ್ಮ ಕೆಲಸದ ವಿಚಾರ ಹೇಳಿದ. ಅಪ್ಪ ಬಹಳ ನಕ್ಕ. ಊಟಕ್ಕೆ ಕೂತಾಗಲೂ ನಕ್ಕ. ಸಿದ್ದರಾಮಪ್ಪ ಹೇಳಿದ್ದನ್ನು ನಾನು ಬರೆಯುವುದಿಲ್ಲ.

ಮಾಸ್ತರರಿಗೆ ಮೈಯಲ್ಲಿ ಆರಾಮಿಲ್ಲವೆಂದು ಮೈಸೂರಿಗೆ ಹೋಗಿದ್ದಾರೆ. ಪರೀಕ್ಷೆಗೆ ಹೆಚ್ಚು ದಿನ ಉಳಿದಿಲ್ಲ.

ದಾನವ್ವ

*

ಕಾಂದಿವಲಿ
25 ಆಗಸ್ಟ್ 1986

ದಾನವ್ವ,

ಸಿದ್ದರಾಮಪ್ಪನಿಗೆ ಅಂಗಡಿಯಲ್ಲಿ ಉದ್ದಿನ ಬೇಳೆ, ಹೆಸರು ಬೇಳೆ ಗುರುತು ಸಿಗುವುದಿಲ್ಲ. ಗಿರಾಕಿಗಳೇ ತೋರಿಸಿಕೊಡುತ್ತಾರೆ. ಅವನ ಮಾತು ನಿಮ್ಮಪ್ಪನಿಗೆ ರುಚಿಸಿತೇ? ಏನು ಹೇಳಿದ, ಬರೆ. ಅಥವಾ ಬರೆಯಬೇಡ.

ಅಭ್ಯಾಸ ಬಿಡಬೇಡ. ಕಾಕಿ ನಿನ್ನನ್ನು ಕೇಳಿದಳು.

ಶಂಕ್ರೆಪ್ಪ

*

ಮುಲುಂಡ್
19 ಅಕ್ಟೋಬರ್ 1986

ದಾನವ್ವ,

ದಸರೆಯ ಬನ್ನಿಯ ಜೊತೆಗೂ ನಿನ್ನ ಕಾಗದ ಬರಲಿಲ್ಲ. ಪೋಸ್ಟ್‌ಮನ್ ಮೇಲೆ ರೇಗಿದೆ. ಅವನು, "ಆಯೇಗಾ ತೋ ದೇಗಾ ನ ಚಾಚಾ, ಮೈ ಲಿಖೂಂ ಕ್ಯಾ?" ಎಂದ. ಬಾರದ ಕಾಗದವನ್ನು ತಾನೇ ಬರೆದು ಕೊಡಬೇಕೇ ಎಂದು.

ಮುಲುಂಡಿನ ಕೆಲಸ ಮತ್ತೆ ಶುರುವಾಗಿದೆ. ಹಗ್ಗದ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಅಲ್ಲಾಡಿದರೆ ಅದಕ್ಕೇ. ಸಿದ್ದರಾಮಪ್ಪ ನನ್ನ ಕೈಯ ಬಗ್ಗೆ ಏನು ಬೇಕಾದರೂ ಹೇಳಲಿ. ನನ್ನ ಕಣ್ಣು ಅವನ ಹತ್ತಿರ ಇಲ್ಲ. ಗೇಟಿನ ಗುಲ್‌ಮೋಹರ್ ಕೆಂಪು, ಗುಡ್ಡದ ಗುಲ್‌ಮೋಹರ್ ಕೆಂಪಲ್ಲ. ಅದನ್ನು ಹೇಳಿದವನು ಯಾರೇ ಆಗಿರಲಿ ಅದು ಹಾಗೇ ಇರುತ್ತದೆ. ನಂಬಿಕೆ ಇಲ್ಲದಿದ್ದರೆ ನಿಮ್ಮ ಮಾಳಿಗೆ ಹತ್ತಿ ನೀನೇ ನೋಡು. ನೋಡಿದ ಮೇಲೆ ನನ್ನ ಮಾತು ಬೇಡವೆನಿಸಿದರೆ ಬಿಡು. ಪರೀಕ್ಷೆಗೆ ಮಾತ್ರ ಕೂಡು.

ಇವತ್ತು ಗುಡ್ಡ ಬೂದಿಯ ಬಣ್ಣಕ್ಕಿದೆ. ಕೆಳಗಿನ ಮನೆಗಳ ಒಲೆಯ ಹೊಗೆ ಅದರ ಸೊಂಟದ ತನಕ ಬಂದಿದೆ. ಹೇಳಲು ಬೇರೇನೂ ಇಲ್ಲ.

ನಿನ್ನ ಕಾಕಾ

*

ಇಂಡಿ
21 ಫೆಬ್ರುವರಿ 1987

ತೀರ್ಥರೂಪ ಕಾಕಾ ಅವರಿಗೆ ದಾನವ್ವನ ಸಾಷ್ಟಾಂಗ ನಮಸ್ಕಾರಗಳು.

ಪಾಸಾದೆ. ನಿಸರ್ಗ ಚಿತ್ರದಲ್ಲಿ ಫಸ್ಟ್ ಕ್ಲಾಸು. ಜೂನಿನಿಂದ ಡ್ರಾಯಿಂಗ್ ಟೀಚರ ಜಾಗ ನನ್ನದು, ಕಾಯಂ.

ಇಷ್ಟು ದಿನ ಬರೆಯದಿದ್ದುದು ಸಿಟ್ಟಿನಿಂದಲ್ಲ. ಪಂಚಮಿಗೆ ಬಂದಾಗ ಸಿದ್ದರಾಮಪ್ಪ, "ಏ ಧರ್ಮಣ್ಣ, ನಿನ್ನ ತಮ್ಮ ಗ್ವಾಡಿಗೆ ಬಣ್ಣಾ ಬಳ್ಯಾಂವ, ಚಿತ್ರಾ ಬರ್ಯಾಂವ ಅಲ್ಲೊ" ಎಂದ. ಅಪ್ಪ ನನಗೆ, "ಗೌಂಡಿ ಮಂದಿ ಮಾತ ಕೇಳಿ ಪರೀಕ್ಷಾಕ ಕೂಡತೀ ಏನು? ಆ ಕಾಗದ ಎಲ್ಲಾ ಒಲಿಗೆ ಹಾಕು" ಎಂದ. ಮಾಸ್ತರರೂ ಊರಲ್ಲಿರಲಿಲ್ಲ. ನನಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ನಿಮ್ಮ ಅಕ್ಟೋಬರ್ ಕಾಗದ ಬಂದ ಮೇಲೆ ದಿನಾ ಬೆಳಿಗ್ಗೆ ಮಾಳಿಗೆ ಹತ್ತಿದೆ. ನಮ್ಮಲ್ಲಿ ಗುಡ್ಡವಿಲ್ಲ, ದೂರದ ಹೊಲದ ಬನ್ನಿಯ ಗಿಡಗಳೇ ಗುಡ್ಡ. ನೆರಳು ನೀಲಿ ಇತ್ತು. ಗುಡಿಯ ಸುಣ್ಣ ಮಾಸಿತ್ತು. ನೀವು ಬರೆದಿದ್ದು ಒಂದೂ ತಪ್ಪಾಗಿರಲಿಲ್ಲ.

ವಿಜಾಪುರದ ಪರೀಕ್ಷೆಯಲ್ಲಿ ಕೊಟ್ಟ ವಿಷಯ "ಮಳೆ ನಿಂತ ಹೊತ್ತಿನ ಪೇಟೆ". ಕುಂಚ ಕೆಳಗಿಟ್ಟು ಯೋಚಿಸಿದೆ. ಮಾಸ್ತರರು ಕಲಿಸಿದ್ದು ದೂರದ್ದೆಲ್ಲ ತಿಳಿಯಾಗಬೇಕು ಎಂದು. ನೀವು ಬರೆದದ್ದು ಗುಡ್ಡ ಗಾಢವಾಗಿ ಹತ್ತಿರ ಬರಬೇಕು, ಗಿಡಗಳ ಬುಡ ಮಾಯವಾಗಬೇಕು ಎಂದು. ನಮ್ಮ ಕಡೆ ಅಂಥ ಮಳೆಯನ್ನು ನಾನು ಈ ಕಣ್ಣಿನಿಂದ ನೋಡಿರಲಿಲ್ಲ. ತಪ್ಪಾದರೆ ಇದೇ ಕೊನೆ. ಚಿತ್ರದ ಹಾಳೆಯನ್ನು ಒದ್ದೆ ಮಾಡಿ ಕಡುನೀಲಿ ಗುಡ್ಡವನ್ನು ಮೊದಲು ಇಟ್ಟುಬಿಟ್ಟೆ, ಹಿಂದೆ ಸರಿಯಲು ಬರಬಾರದೆಂದು. ಪರೀಕ್ಷಕರು ನನ್ನ ಹಿಂದೆ ಬಂದು ನಿಂತರು.

"ಇದು ಯಾವ ಊರು?"

"ಮುಲುಂಡ್ ರೀ."

"ಹೋಗಿದ್ದೇನು?"

"ಇಲ್ಲರಿ. ನಮ್ಮ ಕಾಕಾ ಮ್ಯಾಲಿಂದ ನೋಡ್ಯಾರ."

ಅವರು ಬಾಗಿ ಗುಡ್ಡದ ಅಂಚನ್ನು ನೋಡಿದರು. ಬಹಳ ಹೊತ್ತು ನಿಂತು ಹೋದರು.

ಈಗ ಅಪ್ಪ ಓಣಿಯ ತುಂಬ, "ಪೇಂಟಿಂಗ ನಮ್ಮ ಮನೆತನದಾಗ ಐತಿ" ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ. ಸಿದ್ದರಾಮಪ್ಪನಿಗೂ ಕಾರ್ಡು ಹಾಕಿದ್ದಾನಂತೆ. ನಿನ್ನೆ ಶಾಲೆಯಲ್ಲಿ ಪೇಢೆ ಹಂಚಿದೆ. ಹೆಡ್‌ಬಾಯಿ ರಾಚವ್ವನವರು ಎಲ್ಲರ ಮುಂದೆ, "ನಿಮ್ಮ ಕಾಕಾನ ಕಡೆ ಕಲತಿ ಅಂತಲ್ಲ, ಅವರು ಬರದದ್ದು ಎಲ್ಲಿ ನೋಡಲಿಕ್ಕೆ ಸಿಗತದ?" ಎಂದು ಕೇಳಿದರು.

ನಾನು, "ಬೊರಿವಲಿಯೊಳಗ ಮೂರು, ಮುಲುಂಡದಾಗ ಒಂದು ಅವ ರೀ. ಮಂದಿ ಅದರೊಳಗ ವಾಸ ಮಾಡತಾರ" ಎಂದೆ.

ನಿಮ್ಮ ಶಿಷ್ಯೆ,
ದಾನವ್ವ

*

ಕಾಂದಿವಲಿ
8 ಮಾರ್ಚ್ 1987

ಚಿರಂಜೀವಿ ದಾನವ್ವ ಟೀಚರರಿಗೆ,

ನಿನ್ನ ಕಾಗದವನ್ನು ಕಾಕಿಗೆ ಓದಿ ಹೇಳುವಾಗ ಕೊನೆಯ ಸಾಲಿಗೆ ಬಂದು ನನಗೆ ಕೆಮ್ಮು ಬಂತು. ಕಾಗದವನ್ನು ಅವಳೇ ಕಸಿದುಕೊಂಡು, ಆ ಸಾಲನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಓದಿ, "ಹುಡುಗಿ ನಿಮಗಿಂತ ಶ್ಯಾಣ್ಯಾ ಅದಾಳ" ಎಂದಳು. ನನ್ನ ಹತ್ತಿರ ಕಲಿತವಳು ಜಾಣೆಯಾಗದೆ ಮತ್ತೇನಾಗುತ್ತಾಳೆ. ಚಾಳಿನಲ್ಲಿ ಎಲ್ಲರಿಗೂ ಫಸ್ಟ್ ಕ್ಲಾಸ್ ಬಂದದ್ದನ್ನು ಹೇಳಿದೆ. ಯಾರಿಗೆ ಬಂತು ಎನ್ನುವುದನ್ನು ಆಮೇಲೆ ಹೇಳಿದೆ.

ಮುಲುಂಡಿನ ಕೆಲಸ ಮೊನ್ನೆ ಮುಗಿಯಿತು. ಹಗ್ಗ ಸುತ್ತಿಟ್ಟೆವು. ಎಂದಿನಂತೆ ಪೂವಪ್ಪ ನೇರ ಚಹಾದ ಅಂಗಡಿಗೆ ನಡೆದ. ನಾನು ರಸ್ತೆ ದಾಟಿದೆ. ಇಷ್ಟು ವರ್ಷ ನಾನು ಬಣ್ಣ ಹಾಕಿದ್ದನ್ನೆಲ್ಲ ಮೂಗಿನ ಮುಂದೆ ಇಟ್ಟುಕೊಂಡೇ ನೋಡಿದ್ದೆ. ಮುಗಿದ ಮೇಲೆ ದೂರ ನಿಂತು ನೋಡಿದ್ದೇ ಇಲ್ಲ.

"ಎಲ್ಲಿಗೆ ಮಾರಾಯ್ರೆ, ಚಹಾ ಆರ್ತದೆ," ಎಂದು ಪೂವಪ್ಪ ಕೂಗಿದ.

"ಸ್ವಲ್ಪ ಹಿಂದ ಸರದು ಬರತೀನಿ," ಎಂದೆ.

ಸರಿಯುತ್ತ ಸರಿಯುತ್ತ ಸ್ಟೇಷನ್ ತನಕ ಬಂದುಬಿಟ್ಟೆ. ಬ್ರಿಜ್ ಹತ್ತಿ ನಿಂತೆ. ಕಲ್ಯಾಣದ ಲೋಕಲ್ ಬಂದು ಜನರೆಲ್ಲ ನನ್ನನ್ನು ತಳ್ಳಿಕೊಂಡು ಹೋದರು, ಒಬ್ಬನಂತೂ ಮರಾಠಿಯಲ್ಲಿ ಬೈದೂ ಹೋದ. ನಾನು ಕಂಬಿ ಬಿಡಲಿಲ್ಲ. ಗಿಡಗಳ ತಲೆಯ ಮೇಲೆ, ಬೇರೆ ಮೇಲ್ಛಾವಣಿಗಳ ನಡುವೆ, ಅಷ್ಟು ದೂರದಲ್ಲಿ, ಗುಡ್ಡದ ಮುಂದೆ ನಮ್ಮ ಬಿಲ್ಡಿಂಗ್ ಕಂಡಿತು. ಆರನೇ ಮಾಳಿಗೆಯಲ್ಲಿ ಯಾರೋ ಬಾಗಿ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತಿದ್ದರು.

ಅಲ್ಲಿಂದ ಅದು ಸ್ವಲ್ಪ ನೀಲಿಯಾಗಿತ್ತು. ಬಹಳ ಅಲ್ಲ. ಅಕ್ಕಪಕ್ಕದವು ಇನ್ನೂ ಹೆಚ್ಚು ನೀಲಿಯಾಗಿದ್ದವು. ಅವು ಬೇರೆಯವರ ಕೈಯವು.

ನಿನ್ನ ಕಾಕಾ,
ಶಂಕ್ರೆಪ್ಪ, ಬಿಲ್ಡಿಂಗ್ ಪೇಂಟರ್